ವಿಶಾಲಮ್ಮ ತೆರೆದ ಹಿಂಬಾಗಿಲು

ಹಾರೆಕೊಪ್ಪದ ಹೊಸ ಗ್ರಂಥಾಲಯವನ್ನು ನೋಡಿದವರೆಲ್ಲ ಹೊಗಳುತ್ತಾರೆ. ಸಾಗರದಿಂದ ಹೊಸನಗರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದಲೇ ಅದು ಕಾಣುತ್ತದೆ. ಉದ್ದುದ್ದ ಗಾಜು, ಒಳಗೆ ಬಣ್ಣಬಣ್ಣದ ಕುರ್ಚಿ, ಗೋಡೆಯಲ್ಲಿ ದೊಡ್ಡ ಟೀವಿ. ಬೇರೆ ಪಂಚಾಯಿತಿಯವರು ಜೀಪು ಮಾಡಿಕೊಂಡು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾನು ಮಾತ್ರ ಹೊಗಳುವುದಿಲ್ಲ. ಅಂಗನವಾಡಿ ಟೀಚರ್ ಸುಚಿತ್ರಾಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ನನಗಿರುವುದು ಹೊಟ್ಟೆಕಿಚ್ಚಲ್ಲ, ಸಿಟ್ಟು. ಆ ಕಟ್ಟಡದ ಕೌಂಟರಿನ ಹಿಂದೆ ಕೂತಿರುವ ವಿಶಾಲಮ್ಮನಿಗೆ ಏನಾಯಿತು ಎಂದು ಗೊತ್ತಾದರೆ ನಿಮಗೂ ಸಿಟ್ಟು ಬರುತ್ತದೆ.

ವಿಶಾಲಮ್ಮ ನಮ್ಮೂರಿಗೆ ಸೊಸೆಯಾಗಿ ಬಂದವರು, ತವರು ಹೊಸನಗರದ ಕಡೆ. ಗಂಡ ಸುಬ್ಬಪ್ಪ ಕರೆಂಟಿನ ಲೈನ್‌ಮನ್ ಆಗಿದ್ದರು. ಕಂಬದ ಮೇಲಿದ್ದಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಹೆಂಡತಿಯ ಮಾತು ಕೇಳುವ ಮನುಷ್ಯ. ಪಿಯುಸಿ ಮುಗಿಸಿದ್ದ ವಿಶಾಲಮ್ಮನಿಗೆ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು. ಸಿಗುವ ಗೌರವಧನದಲ್ಲಿ ಉಪ್ಪು ಮೆಣಸೂ ಬರುವುದಿಲ್ಲ ಎಂದು ಊರವರು ನಕ್ಕರು. ವಿಶಾಲಮ್ಮ ಮಾತ್ರ ಜಿಲ್ಲಾಧಿಕಾರಿಯ ಗತ್ತಿನಲ್ಲಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು. ಪುಸ್ತಕದ ಹಾಳೆಯ ಮೂಲೆ ಮಡಚಿದವರಿಗೆ ಅವರು ಬೈಯುವುದು ಕೇಳಿದರೆ ಆ ಮನುಷ್ಯ ಇನ್ನು ಜನ್ಮದಲ್ಲಿ ಚಾಪೆಯನ್ನೂ ಮಡಚಬಾರದು, ಹಾಗೆ.

ಆಗ ಗ್ರಂಥಾಲಯವಿದ್ದದ್ದು ಸೊಸೈಟಿಯ ಹಳೆಯ ಗೊಬ್ಬರದ ಗೋದಾಮಿನಲ್ಲಿ. ಮುಂದೆ ಒಂದು ಹಾಲ್, ಹಿಂದೆ ಒಂದು ಕತ್ತಲೆ ಕೋಣೆ. ಹಾಲ್‌ನಲ್ಲಿ ಬೆಂಚು, ಪೇಪರು, ಫ್ಯಾನು, ಮತ್ತೆ ಗಂಡಸರು. ಬೆಳಿಗ್ಗೆ ಬಂದು ಪೇಪರು ಬಿಡಿಸಿದರೆ ಮಧ್ಯಾಹ್ನದ ಊಟಕ್ಕೇ ಏಳುವವರು, ಊಟ ಮಾಡಿ ಮತ್ತೆ ಅದೇ ಪೇಪರಿಗೆ ಬರುವವರು. ಅಡಿಕೆ ಧಾರಣೆಯ ಪುಟವನ್ನಂತೂ ನಾಲ್ಕು ಜನ ನಾಲ್ಕು ಕಡೆ ಹಿಡಿದು ಓದುತ್ತಿದ್ದರು. ಅವರೆಲ್ಲ ಯಾರು? ಒಬ್ಬರು ನನ್ನ ಮಾವ. ಇನ್ನೊಬ್ಬರು ನನ್ನ ಗಂಡನ ದೊಡ್ಡಪ್ಪ. ಮತ್ತೊಬ್ಬರು ಪಕ್ಕದ ಮನೆಯವಳ ಭಾವ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರು, ಭಾವನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಆದರೂ ಕೂರುವುದಿಲ್ಲ. ಕೂತರೆ ಸಂಜೆಯ ಹೊತ್ತಿಗೆ ಅತ್ತೆಯ ಕಿವಿಗೆ ಬಿದ್ದಿರುತ್ತದೆ. ನಿಂತುಕೊಂಡು ಎಷ್ಟು ಓದಲಾದೀತು? ಪುಸ್ತಕ ಮನೆಗೆ ಒಯ್ದರೆ ಒಲೆ, ಕೊಟ್ಟಿಗೆ, ಮಗು, ಮುಸುರೆ. ಪುಸ್ತಕ ಗೋಡೆಯ ಗೂಡಿನಲ್ಲಿ ಧೂಳು ಹಿಡಿಯುತ್ತ ಕೂರುತ್ತದೆ, ನಾವು ಕೂರುವುದಿಲ್ಲ.

ಇದನ್ನು ವಿಶಾಲಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಅವರ ಮಾವನೂ ಆ ಬೆಂಚಿನ ಮೇಲಿದ್ದರು. ಒಂದು ದಿನ ಅವರು ಹಿಂದಿನ ಕೋಣೆಯ ಹಳೇ ಚೀಲಗಳನ್ನೆಲ್ಲ ಹೊರಗೆ ಎಸೆದರು. ಯೂರಿಯಾ ವಾಸನೆ ಹೋಗುವವರೆಗೆ ನೆಲ ತೊಳೆದರು. ಕೆರೆಯ ಕಡೆಗೆ ಒಂದು ಬಾಗಿಲಿತ್ತು, ಮೊದಲು ಗೊಬ್ಬರ ಇಳಿಸುತ್ತಿದ್ದ ಬಾಗಿಲು. ಅದರ ತುಕ್ಕು ಹಿಡಿದ ಅಗುಳಿಯನ್ನು ಸುಬ್ಬಪ್ಪನವರ ಕೈಯಲ್ಲಿ ಬಡಿಸಿ ತೆಗೆಸಿದರು. ಬಟ್ಟೆ ಒಗೆಯಲು ಕೆರೆಗೆ ಹೋಗುವ ಹೆಂಗಸು ಆ ದಾರಿಯಲ್ಲಿ ಹೋಗುವುದು ಯಾರಿಗೂ ವಿಶೇಷವಲ್ಲ. ಹಾಗೆ ಹೋದವರು ಬಕೆಟ್ ಹೊರಗಿಟ್ಟು ಒಳಗೆ ಬಂದರೆ ಒಂದು ಚಾಪೆ, ಒಂದು ಕಿಟಕಿ, ಒಂದಿಷ್ಟು ಪುಸ್ತಕ. ಹಾಲ್‌ಗೂ ಕೋಣೆಗೂ ನಡುವಿನ ಬಾಗಿಲಲ್ಲಿ ವಿಶಾಲಮ್ಮನ ಮೇಜು. ಅವರನ್ನು ದಾಟಿ ಈಚೆಗೆ ಯಾವ ಗಂಡಸೂ ಬರುವ ಹಾಗಿರಲಿಲ್ಲ.

ಊಟದ ಪಾತ್ರೆ ತೊಳೆದ ಮೇಲೆ, ಹಾಲು ಕರೆಯುವ ಮುಂಚೆ ನಮಗೆ ಸಿಗುವ ಹೊತ್ತನ್ನು ನಾವು ಅಲ್ಲಿ ಕಳೆದೆವು. ನಾನು ಅಂಗನವಾಡಿಯ ಕೆಲಸಕ್ಕೆ ಅರ್ಜಿ ಹಾಕಿ ಓದಿಕೊಂಡದ್ದು ಅಲ್ಲೇ. ಕಾಲು ಚಾಚಿ, ಗೋಡೆಗೆ ಒರಗಿ, ಸೆರಗು ಹೇಗಿದೆ ಎಂದು ನೋಡಿಕೊಳ್ಳದೆ ಓದುವ ಸುಖ ಇದೆಯಲ್ಲ, ಅದನ್ನು ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ. ನಮ್ಮ ಜೊತೆ ರಂಗಮ್ಮನೂ ಬರುತ್ತಿದ್ದಳು. ಹೆಚ್ಚು ಮಾತಿಲ್ಲದವಳು. ಮಗಳಿಗೆಂದು ದೊಡ್ಡಕ್ಷರದ ಚಿತ್ರಪುಸ್ತಕ ತೆಗೆದುಕೊಂಡು ಯಾವಾಗಲೂ ವಿಶಾಲಮ್ಮನ ಪಕ್ಕ, ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ನಾವೆಲ್ಲ ಎದ್ದು ಹೋದ ಮೇಲೂ ಇರುತ್ತಿದ್ದಳು. ಮನೆಯಲ್ಲಿ ಅತ್ತೆಯ ಕಾಟ ಇರಬೇಕು ಎಂದು ನಾವು ಅಂದುಕೊಂಡೆವು.

ಆ ರಂಗಮ್ಮ ಮುಂದೆ ಸ್ವಸಹಾಯ ಸಂಘದ ಪ್ರತಿನಿಧಿಯಾದಳು, ಆಮೇಲೆ ಪಂಚಾಯಿತಿ ಸದಸ್ಯೆಯಾದಳು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅಧ್ಯಕ್ಷೆಯೂ ಆದಳು. ಅವತ್ತು ಹಿಂದಿನ ಕೋಣೆಯಲ್ಲಿ ನಾವು ಚುರುಮುರಿ ಮಾಡಿ ಹಂಚಿಕೊಂಡು ತಿಂದೆವು. ನಮ್ಮ ಚಾಪೆಯಿಂದ ಎದ್ದವಳೊಬ್ಬಳು ಪಂಚಾಯಿತಿಯ ತಿರುಗುವ ಕುರ್ಚಿಯಲ್ಲಿ ಕೂತಿದ್ದಳು. ವಿಶಾಲಮ್ಮ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅವರು ಸುಲಭಕ್ಕೆ ಅಳುವವರಲ್ಲ.

ಗ್ರಂಥಾಲಯವನ್ನು ಹೊಸದು ಮಾಡಲು ಹಣ ಬಂದದ್ದು ಅದಾದ ಮೇಲೆ. ಇನ್ನು ಮುಂದೆ ಗ್ರಂಥಾಲಯ ಎಂದರೆ ಬರೀ ಪುಸ್ತಕದ ಮನೆಯಲ್ಲ, ಊರಿನವರೆಲ್ಲ ಸೇರುವ ಜಾಗ, ಕಂಪ್ಯೂಟರ್, ಮಕ್ಕಳ ಮೂಲೆ, ಸಭೆ, ತರಬೇತಿ ಎಲ್ಲವೂ ಅಲ್ಲೇ ಎಂದರು. ಪ್ಲಾನ್ ಮಾಡಲು ತೀರ್ಥಹಳ್ಳಿಯಿಂದ ಮೇಧಾ ಎಂಬ ಆರ್ಕಿಟೆಕ್ಟ್ ಬಂದಳು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಮೊದಲ ದಿನ ಅವಳು ಲ್ಯಾಪ್‌ಟಾಪಿನಲ್ಲಿ ತೋರಿಸಿದ ಚಿತ್ರದಲ್ಲಿ ಒಳಗೆ ಒಂದೂ ಗೋಡೆಯಿರಲಿಲ್ಲ. ಎಲ್ಲರೂ ಎಲ್ಲರಿಗೂ ಕಾಣಬೇಕು, ಅದೇ ಹೊಸ ರೀತಿ ಎಂದಳು. ಸದಸ್ಯರೆಲ್ಲ ತಲೆಯಾಡಿಸಿದರು. ವಿಶಾಲಮ್ಮ ತಲೆಯಾಡಿಸಲಿಲ್ಲ, ಬೈಯಲೂ ಇಲ್ಲ. ಮೇಧಾಳನ್ನು ಊಟಕ್ಕೆ ಮನೆಗೆ ಕರೆದು, ಊಟವಾದ ಮೇಲೆ ಹಿಂದಿನ ಕೋಣೆಗೆ ತಂದು ನಮ್ಮ ನಡುವೆ ಕೂರಿಸಿದರು.

ಆ ಹುಡುಗಿ ಸಂಜೆವರೆಗೂ ಎದ್ದು ಹೋಗಲಿಲ್ಲ. ಕಾವ್ಯಾ ಎಂಬ ಹೊಸ ಸೊಸೆ ಅಲ್ಲಿ ಗ್ರಾಮ ಲೆಕ್ಕಿಗರ ಪರೀಕ್ಷೆಗೆ ಓದುತ್ತಿದ್ದಳು. ಮುಂದಿನ ಹಾಲ್‌ನಲ್ಲಿ ಯಾಕೆ ಓದುವುದಿಲ್ಲ ಎಂದು ಮೇಧಾ ಕೇಳಿದಳು. ಕಾವ್ಯಾ ಬಗ್ಗಿ, ಬಾಗಿಲ ಸಂದಿಯಿಂದ ತನ್ನ ಮಾವನನ್ನು ತೋರಿಸಿದಳು. ಅಷ್ಟೇ ಉತ್ತರ. ಮುಂದಿನ ಸಲ ಮೇಧಾ ತಂದ ಪ್ಲಾನಿನಲ್ಲಿ ಹಿಂದಿನ ಕೋಣೆ ಇತ್ತು, ಮೊದಲಿಗಿಂತ ದೊಡ್ಡದಾಗಿ. ಕೆರೆಯ ಕಡೆ ಕಿಟಕಿ, ಮಗು ಮಲಗಿಸಲು ಒಂದು ಕಟ್ಟೆ, ಮತ್ತೆ ಅದರದೇ ಬಾಗಿಲು. ಗಾಲಿ ಕುರ್ಚಿ ಬರುವ ಹಾಗೆ ಇಳಿಜಾರು ಕೂಡ. ಆ ಹಾಳೆಯನ್ನು ಗೋಡೆಗೆ ಅಂಟಿಸಿದಾಗ ನಾವೆಲ್ಲ ಬೆರಳಿಟ್ಟು ಬೆರಳಿಟ್ಟು ನೋಡಿದೆವು.

ಆದರೂ ನಮ್ಮಲ್ಲಿ ಕೆಲವರಿಗೆ ಧೈರ್ಯ ಸಾಲಲಿಲ್ಲ. ಹಳೇ ಗೋದಾಮು ಒಡೆದ ಮೇಲೆ ಈ ಕೋಣೆಯನ್ನು ಗಂಡಸರು ಹಾಗೆಯೇ ಕಟ್ಟಿಕೊಡುತ್ತಾರೆ ಎಂಬ ಭರವಸೆ ಏನು, ಇದ್ದ ಕೋಣೆಗೆ ಸುಣ್ಣ ಹೊಡೆದರೆ ಸಾಕು, ಮುಟ್ಟಬೇಡಿ ಎಂದು ಪಂಚಾಯಿತಿಗೆ ಸಹಿ ಹಾಕಿ ಕೊಡೋಣ ಎಂದರು. ಸಹಿ ಹಾಕಿದ್ದರೆ ಕೆಲಸ ನಿಲ್ಲುತ್ತಿತ್ತು. ವಿಶಾಲಮ್ಮ ಒಬ್ಬೊಬ್ಬರ ಮನೆಗೂ ಹೋಗಿ ಒಪ್ಪಿಸಿದರು. ಬಾಗಿಲು ಇದ್ದೇ ಇರುತ್ತದೆ, ಇಲ್ಲದಿದ್ದರೆ ನನ್ನನ್ನು ಕೇಳಿ ಎಂದರು. ಕೊನೆಗೆ ಕೋಣೆ ಖಾಲಿ ಮಾಡುವ ದಿನ ರಂಗಮ್ಮ ತಾನೇ ಬಂದು, ನಮ್ಮೆಲ್ಲರ ಎದುರು ಎಲೆ ಅಡಿಕೆಯನ್ನು ವಿಶಾಲಮ್ಮನ ಕೈಯಲ್ಲಿಟ್ಟಳು.

"ಈ ಬಾಗಿಲು ನಂದೂ ಹೌದು ಅಕ್ಕ. ಚಿಂತೆ ಬೇಡ" ಅಂದಳು.

ನಮ್ಮ ಕಡೆ ಎಲೆ ಅಡಿಕೆ ಕೈಗೆ ಬಂತೆಂದರೆ ಮಾತು ಮುಗಿಯಿತು. ಮದುವೆ ನಿಶ್ಚಯವಾಗುವುದೂ ಹಾಗೆಯೇ, ಗದ್ದೆ ಗೇಣಿಗೆ ಕೊಡುತ್ತಿದ್ದದ್ದೂ ಹಾಗೆಯೇ. ಅದಾದ ಮೇಲೆ ಮತ್ತೊಮ್ಮೆ ಕೇಳಿದರೆ ಅದು ಅನುಮಾನ, ಅನುಮಾನ ಎಂದರೆ ಅವಮಾನ. ಹೊರಗಿನವರಿಗೆ ಇದು ಪೆದ್ದುತನವಾಗಿ ಕಾಣಬಹುದು. ವಿಶಾಲಮ್ಮ ಮಾಡಿದ ತಪ್ಪು ಅದೊಂದೇ. ಅವರು ಮತ್ತೊಮ್ಮೆ ಕೇಳಲಿಲ್ಲ.

ಕಣ್ಣಿಗೆ ಬೀಳಲಿಲ್ಲ ಎಂದಲ್ಲ. ಕಟ್ಟಡ ಮುಗಿಯುವವರೆಗೆ ಪುಸ್ತಕಗಳೆಲ್ಲ ಶಾಲೆಯ ಕೊಠಡಿಯಲ್ಲಿದ್ದವು, ವಿಶಾಲಮ್ಮ ಅಲ್ಲಿಂದ ಮನೆಗೆ ಹೋಗುವಾಗ ಕಟ್ಟಡದ ಕಡೆಯಿಂದಲೇ ಹೋಗುತ್ತಿದ್ದರು. ಹಿಂದಿನ ಗೋಡೆ ಸೊಂಟದೆತ್ತರ ಬಂದಾಗಲೂ ಬಾಗಿಲಿಗೆ ಜಾಗ ಬಿಟ್ಟಿರಲಿಲ್ಲ. ನಾನು ಮೇಸ್ತ್ರಿಯನ್ನು ಕೇಳಿದರೆ ಅಧ್ಯಕ್ಷರನ್ನು ಕೇಳಿ ಎಂದ. ದಾರಿಯಲ್ಲಿ ಸಿಕ್ಕ ರಂಗಮ್ಮ ತಾನಾಗಿಯೇ, ಜಂಬಿಟ್ಟಿಗೆ ಕಲ್ಲಿನ ಗೋಡೆ ಪೂರ್ತಿ ಎದ್ದ ಮೇಲೆ ಬಾಗಿಲು ಕೊರೆಯುತ್ತಾರೆ, ಈಗ ಹಾಗೇ ಮಾಡುವುದು ಎಂದಳು. ನನಗೆ ಅನುಮಾನ ಬಂದು ಮೇಧಾಗೆ ಫೋನ್ ಮಾಡೋಣ ಎಂದೆ. ವಿಶಾಲಮ್ಮ ನನ್ನನ್ನೇ ಗದರಿಸಿದರು. ಎಲೆ ಅಡಿಕೆ ಕೊಟ್ಟವಳ ಬೆನ್ನ ಹಿಂದೆ ವಿಚಾರಿಸುವ ಬುದ್ಧಿ ನನಗಿಲ್ಲ ಎಂದರು. ಗೋಡೆ ಎದ್ದಿತು, ಗಿಲಾವು ಆಯಿತು, ಬಣ್ಣವೂ ಆಯಿತು. ಬಾಗಿಲು ಇರಬೇಕಾಗಿದ್ದ ಜಾಗದಲ್ಲಿ ಸಾಗರದ ಕಲಾವಿದರು ಬಂದು, ಮರದ ಕೆಳಗೆ ಕೂತು ಪುಸ್ತಕ ಓದುತ್ತಿರುವ ಹೆಂಗಸಿನ ಚಿತ್ರ ಬರೆದರು. ಚೆನ್ನಾಗಿಯೇ ಬರೆದಿದ್ದಾರೆ.

ಆ ಚಿತ್ರ ನೋಡಿದ ದಿನ ವಿಶಾಲಮ್ಮ ಕೆರೆಯ ಏರಿಯ ಮೇಲೆ ಸುಮ್ಮನೆ ನಿಂತಿದ್ದರು. ಉದ್ಘಾಟನೆ ಆಗಲಿ, ಆಮೇಲೆ ರಂಗಮ್ಮ ಏನಾದರೂ ದಾರಿ ಮಾಡಿಯೇ ಮಾಡುತ್ತಾಳೆ ಎಂದರು. ಅದನ್ನು ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ನನಗೆ ತಿಳಿಯಲಿಲ್ಲ.

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಉಪ್ಪಿಟ್ಟು, ಕೇಸರಿಬಾತು. ದೊಡ್ಡವರೆಲ್ಲ ಮಾತಾಡಿದ ಮೇಲೆ ರಂಗಮ್ಮ ಎದ್ದಳು. ಹೆಂಗಸರು ಹಿಂದೆ ಕೂತದ್ದು ಸಾಕು, ಇನ್ನು ಮುಂದೆ ಬರಬೇಕು, ಅದಕ್ಕೇ ಈ ಕಟ್ಟಡದಲ್ಲಿ ಹಿಂದೆ ಮುಂದೆ ಎಂಬುದೇ ಇಲ್ಲ ಎಂದಳು. ಜನ ಚಪ್ಪಾಳೆ ಹೊಡೆದರು. ಆಮೇಲೆ ವಿಶಾಲಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದಳು, ಹಣ್ಣಿನ ಬುಟ್ಟಿ ಕೊಟ್ಟಳು.

"ಹಿಂದಿನ ರೂಮು, ಹಿಂದಿನ ಬಾಗ್ಲು ಬೇಡ, ಎಲ್ಲಾ ಒಂದೇ ಹಾಲ್ ಮಾಡಿ ಅಂತ ನಂಗೆ ಸಲಹೆ ಕೊಟ್ಟವ್ರೇ ನಮ್ಮ ವಿಶಾಲಕ್ಕ" ಎಂದು ಮೈಕಿನಲ್ಲಿ ಹೇಳಿದಳು.

ನಾನು ಹೆಂಗಸರ ಸಾಲಿನಲ್ಲಿದ್ದೆ. ಎಲ್ಲರ ಮುಖವೂ ಒಟ್ಟಿಗೆ ವಿಶಾಲಮ್ಮನ ಕಡೆ ತಿರುಗಿತು. ಅವರು ಶಾಲು ಹೊದ್ದು, ಬುಟ್ಟಿ ಹಿಡಿದು, ಏನೂ ಅರ್ಥವಾಗದವರ ಹಾಗೆ ರಂಗಮ್ಮನನ್ನು ನೋಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಮೈಕು ಇನ್ನೊಬ್ಬರ ಕೈಗೆ ಹೋಯಿತು, ಫೋಟೊ ತೆಗೆದದ್ದೂ ಆಯಿತು. ಬಾಗಿಲ ಪಕ್ಕ ಹಾಕಿದ ಕಲ್ಲಿನ ಫಲಕದಲ್ಲಿಯೂ ಅಧ್ಯಕ್ಷರ ಹೆಸರಿನ ಕೆಳಗೆ ಸಲಹೆ ಎಂದು ಬರೆದು ವಿಶಾಲಮ್ಮನ ಹೆಸರು ಕೆತ್ತಿದ್ದರು. ನಮ್ಮ ಹೆಂಗಸರು ಕೇಸರಿಬಾತನ್ನೂ ಮುಟ್ಟದೆ ಮನೆಗೆ ಹೋದರು.

ಆಮೇಲೆ ಗ್ರಂಥಾಲಯಕ್ಕೆ ಅವರಾರೂ ಬರಲಿಲ್ಲ. ಹೊರಗಿನಿಂದ ನೋಡಿದರೆ ಗಾಜಿನ ಒಳಗೆ ಎಲ್ಲ ಕಾಣುತ್ತದೆ: ಬಣ್ಣದ ಕುರ್ಚಿಯಲ್ಲಿ ಮಾವಂದಿರು, ಭಾವಂದಿರು, ಅದೇ ಅಡಿಕೆ ಧಾರಣೆಯ ಪುಟ. ಶಾಲೆಯ ಹುಡುಗಿಯರು ಬರುತ್ತಾರೆ, ಅದು ಒಳ್ಳೆಯದೇ, ನಾನು ಇಲ್ಲ ಎನ್ನುವುದಿಲ್ಲ. ಅವರೂ ಮದುವೆಯಾಗಿ ಇನ್ನೊಂದು ಊರಿಗೆ ಸೊಸೆಯಾದ ಮೇಲೆ ಏನು ಮಾಡುತ್ತಾರೋ ನೋಡಬೇಕು. ವಿಶಾಲಮ್ಮ ಕಾವ್ಯಾಳ ಪರೀಕ್ಷೆಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಅವಳ ಮನೆಗೇ ಹೋದರು. ನಾನೂ ಜೊತೆಗಿದ್ದೆ. ಕಾವ್ಯಾ ಒಳಗೆ ಕರೆಯಲಿಲ್ಲ. ಕೈಯಲ್ಲಿ ಹಿಂಡಿಯ ಬಕೆಟ್ ಇತ್ತು, ಅದನ್ನು ಕೆಳಗೂ ಇಡಲಿಲ್ಲ.

"ಪುಸ್ತಕ ಇಲ್ಲಿಟ್ಕೊಂಡು ಎಂತ ಮಾಡ್ಲಿ ಅಕ್ಕ, ಕೂತ್ಕೊಳ್ಳೋ ಜಾಗನೇ ನೀವು ತೆಗ್ಸಿದ್ರಲ್ಲ" ಅಂದಳು.

ನಾನು ನಡುವೆ ಬಾಯಿ ಹಾಕಿದೆ, ಅದೆಲ್ಲ ಸುಳ್ಳು ಎಂದೆ. ಕಲ್ಲಲ್ಲಿ ಕೆತ್ತಿದ್ದು ಸುಳ್ಳಾಗುತ್ತದಾ ಎಂದು ಕೇಳಿ ಕಾವ್ಯಾ ಕೊಟ್ಟಿಗೆಗೆ ಹೋದಳು. ವಿಶಾಲಮ್ಮ ಪುಸ್ತಕದ ಚೀಲ ಹೊತ್ತುಕೊಂಡು ವಾಪಸ್ಸು ಬಂದರು. ಮನೆಗೆ ಬಂದ ಮೇಲೆ ತಾವಾಗಿಯೇ ಮೇಧಾಗೆ ಫೋನ್ ಮಾಡಿದರು.

ಮೇಧಾಗೆ ಎಲ್ಲ ಹೊಸ ಸುದ್ದಿ. ಅಧ್ಯಕ್ಷೆಯೇ ಫೋನ್ ಮಾಡಿ, ವಿಶಾಲಮ್ಮ ಮನಸ್ಸು ಬದಲಿಸಿದ್ದಾರೆ, ಹೆಂಗಸರೆಲ್ಲ ಮುಂದಿನ ಹಾಲ್‌ನಲ್ಲೇ ಕೂರಲು ಒಪ್ಪಿದ್ದಾರೆ, ಬಾಗಿಲು ಬೇಡವಂತೆ ಎಂದು ಹೇಳಿದ್ದಳಂತೆ. ಮೇಧಾ ಅದನ್ನು ಕೇಳಿ ಖುಷಿಪಟ್ಟಿದ್ದಳು. ಈಗ ಅವಳ ಸ್ವರವೇ ಸಣ್ಣದಾಯಿತು. ಇನ್ನೂ ಹೊತ್ತು ಮೀರಿಲ್ಲ, ಗೋಡೆ ಕೊರೆದು ಬಾಗಿಲು ಇಡುವುದು, ನಡುವೆ ಒಂದು ಅಡ್ಡಗೋಡೆ ಹಾಕುವುದು ದೊಡ್ಡ ಕೆಲಸವಲ್ಲ, ನಾನೇ ಬಂದು ನಿಂತು ಮಾಡಿಸುತ್ತೇನೆ, ಅಧ್ಯಕ್ಷೆ ಹೂಂ ಎಂದರೆ ಸಾಕು ಎಂದಳು.

ಅವತ್ತೇ ರಂಗಮ್ಮನ ಮನೆಗೆ ಹೋದೆವು. ಅವಳು ಜಗಲಿಯಲ್ಲಿ ಒಬ್ಬಳೇ ಇದ್ದಳು. ಕಾಫಿ ತಂದಿಟ್ಟಳು, ವಿಶಾಲಮ್ಮ ಮುಟ್ಟಲಿಲ್ಲ. ಮೊದಲು ಅದೇ ಭಾಷಣ ಬಂತು. ಎಷ್ಟು ದಿನ ಅಂತ ಕೆರೆ ದಾರಿಯಲ್ಲಿ ಕಳ್ಳರ ಹಾಗೆ ಬರುವುದು, ಒಮ್ಮೆ ಬಾಗಿಲು ಮುಚ್ಚಿದರೆ ತಾವಾಗಿ ಮುಂದೆ ಬರುತ್ತಾರೆ ಎಂದಳು. ಆ ಮಾತಿನಲ್ಲಿ ಸತ್ಯವೇ ಇಲ್ಲ ಎಂದು ನಾನು ಹೇಳಲಾರೆ. ಬೇರೆ ಯಾರಾದರೂ ಹೇಳಿದ್ದರೆ ಕೂತು ಜಗಳವಾಡಬಹುದಿತ್ತು.

"ನೀನು ಮುಂದೆ ಬಂದದ್ದೂ ಆ ಬಾಗ್ಲಿಂದಲೇ ಅಲ್ವನೇ ರಂಗಿ" ಎಂದರು ವಿಶಾಲಮ್ಮ.

ರಂಗಮ್ಮನ ಮುಖ ಕೆಂಪಾಯಿತು. "ಅದಕ್ಕೇ ಮುಚ್ಸಿದ್ದು. ಆ ಬಾಗ್ಲು ಕಂಡ್ರೆ ನಂಗೆ ಸ್ಲೇಟು ನೆನಪಾಗುತ್ತೆ. ಮೂವತ್ತು ದಾಟಿದ ಹೆಂಗ್ಸು, ಮಗಳ ಪುಸ್ತಕ ಹಿಡ್ಕಂಡು ನಿಮ್ಮ ಪಕ್ಕ ಕೂತು ಅ ಆ ತಿದ್ದಿದ್ದು. ಮೀಟಿಂಗಲ್ಲಿ ಆ ಗಂಡಸ್ರ ಎದುರು ಫೈಲು ಓದ್ತೀನಲ್ಲ, ಯಾರಿಗಾದ್ರೂ ಗೊತ್ತಾದ್ರೆ ನಾಳೆಯಿಂದ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಹೇಳಿ ಮುಗಿಸಿದ ಮೇಲೆ ಅವಳಿಗೆ ನಾನು ಅಲ್ಲೇ ಇದ್ದೇನೆ ಎಂಬುದು ನೆನಪಾಯಿತು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಷ್ಟು ವರ್ಷ ಒಂದೇ ಚಾಪೆಯಲ್ಲಿ ಕೂತರೂ ನಮಗೆ ಯಾರಿಗೂ ಅದು ಗೊತ್ತಾಗಿರಲಿಲ್ಲ. ವಿಶಾಲಮ್ಮ ಅಷ್ಟು ಜೋಪಾನ ಮಾಡಿದ್ದರು.

ಕಲ್ಲಿನ ಮೇಲೆ ನನ್ನ ಹೆಸರು ಯಾಕೆ ಹಾಕಿಸಿದೆ ಎಂದು ಮಾತ್ರ ವಿಶಾಲಮ್ಮ ಕೇಳಿದರು. ನಿಮ್ಮ ಹೆಸರು ಹೇಳಿದರೆ ಹೆಂಗಸರು ಎದುರು ಮಾತಾಡುವುದಿಲ್ಲ ಎಂದು ಹಾಕಿಸಿದೆ ಎಂದಳು ರಂಗಮ್ಮ, ನೆಲ ನೋಡುತ್ತ. ಆಮೇಲೆ ವಿಶಾಲಮ್ಮನ ಕೈ ಹಿಡಿದುಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದು ಅವತ್ತು ಮಾತು ಕೊಟ್ಟಿದ್ದಿರಿ, ಈಗಲೂ ಹೇಳಬೇಡಿ ಎಂದು ಕೇಳಿದಳು. ವಿಶಾಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡರು, ಹೇಳುವುದಿಲ್ಲ ಎಂದರು. ಬಾಗಿಲಿನ ವಿಷಯಕ್ಕೆ ರಂಗಮ್ಮ ಹೂಂ ಎನ್ನಲೇ ಇಲ್ಲ.

ಬರುವ ದಾರಿಯಲ್ಲಿ ನಾನು ಕುದಿಯುತ್ತಿದ್ದೆ. ಮಹಿಳಾ ಗ್ರಾಮಸಭೆ ಹತ್ತಿರ ಬಂದಿತ್ತು. ಎಲ್ಲರ ಎದುರು ಹೇಳಿ ಬಿಡಿ, ಬಾಗಿಲು ಯಾಕೆ ಹೋಯಿತು ಎಂದು ಒಂದು ಮಾತಿನಲ್ಲಿ ಗೊತ್ತಾಗುತ್ತದೆ, ಹೆಂಗಸರು ಮತ್ತೆ ನಿಮ್ಮನ್ನು ನಂಬುತ್ತಾರೆ ಎಂದು ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ.

"ಅವಳು ಮಾತು ಮುರಿದ್ಲು ಅಂತ ನಾನೂ ಮುರೀಲಾ? ಹಂಗಾದ್ರೆ ನಂಗೂ ಅವಳಿಗೂ ಎಂತ ವ್ಯತ್ಯಾಸ ಮಾರಾಯ್ತಿ" ಎಂದರು.

ಗ್ರಾಮಸಭೆ ನಡೆದದ್ದು ಅದೇ ಗಾಜಿನ ಹಾಲ್‌ನಲ್ಲಿ. ಮಹಿಳಾ ಸಭೆಯಾದ್ದರಿಂದ ಗಂಡಸರಿರಲಿಲ್ಲ, ಹೆಂಗಸರು ಮೊದಲ ಸಲ ಒಳಗೆ ಬಂದಿದ್ದರು. ಕಾವ್ಯಾಳೇ ಎದ್ದು, ನಮ್ಮ ಬಾಗಿಲು ವಾಪಸ್ಸು ಬೇಕು ಎಂದಳು. ವಿಶಾಲಮ್ಮ ಎದ್ದು ನಿಂತರು. ಬಾಗಿಲು ತೆಗೆಸಿ ಎಂದು ನಾನು ಯಾವತ್ತೂ ಹೇಳಿಲ್ಲ, ದಯವಿಟ್ಟು ನಂಬಿ ಎಂದರು. ಕೆಲವರು ನಂಬಿಯೇ ಬಿಟ್ಟಿದ್ದರು, ನಾನು ಅವರ ಮುಖ ನೋಡಿದೆ. ಆಗ ರಂಗಮ್ಮ ವೇದಿಕೆಯಿಂದ ಮೃದುವಾಗಿ ನಕ್ಕಳು.

"ಅಕ್ಕಂಗೆ ವಯಸ್ಸಾಯ್ತು, ಮರೆತು ಹೋಗಿದೆ. ಬೇಜಾರು ಮಾಡ್ಕಬೇಡಿ" ಎಂದಳು.

ಯಾರೋ ಒಬ್ಬರು ನಕ್ಕರು. ನಗು ಬೆಳೆಯಿತು. ವಿಶಾಲಮ್ಮ ರಂಗಮ್ಮನನ್ನೇ ನೋಡಿದರು. ಒಂದು ವಾಕ್ಯ ಸಾಕಾಗಿತ್ತು. ಆ ವಾಕ್ಯ ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು, ರಂಗಮ್ಮನಿಗೂ ಕಾಣಿಸಿತು, ಅವಳ ನಗು ಅಲ್ಲೇ ನಿಂತಿತು. ವಿಶಾಲಮ್ಮ ಕೂತುಬಿಟ್ಟರು. ಬಾಗಿಲ ಬೇಡಿಕೆಯನ್ನು ಮುಂದೆ ಪರಿಶೀಲಿಸಲಾಗುವುದು ಎಂದಾಯಿತು. ಪಂಚಾಯಿತಿಯ ಭಾಷೆಯಲ್ಲಿ ಅದಕ್ಕೆ ಅರ್ಥ ಏನೆಂದು ನಿಮಗೆ ಗೊತ್ತು.

ಈಗಲೂ ವಿಶಾಲಮ್ಮ ದಿನಾ ಹೋಗಿ ಬಾಗಿಲು ತೆಗೆದು, ತಮ್ಮ ಹೆಸರಿರುವ ಕಲ್ಲಿನ ಎದುರು ಕೂರುತ್ತಾರೆ. ಹಾಳೆಯ ಮೂಲೆ ಮಡಚಿದವರಿಗೆ ಮೊದಲಿನ ಹಾಗೆ ಬೈಯುವುದಿಲ್ಲ. ಅದು ನನಗೆ ಎಲ್ಲಕ್ಕಿಂತ ಸಂಕಟ. ಕಾವ್ಯಾ ಪರೀಕ್ಷೆ ಕಟ್ಟಲಿಲ್ಲ.

ರಂಗಮ್ಮ ನಾಚಿಕೆ ಎಂದುಕೊಂಡದ್ದು ಆ ಗೊಬ್ಬರದ ಕೋಣೆಯಲ್ಲಿ ನಡೆದ ಎಲ್ಲಕ್ಕಿಂತ ದೊಡ್ಡ ಕೆಲಸ. ಕಲ್ಲಿನಲ್ಲಿ ಕೆತ್ತಬೇಕಾಗಿದ್ದದ್ದು ಅದು. ವಿಶಾಲಮ್ಮ ಮಾತು ಕೊಟ್ಟಿದ್ದಾರೆ, ಸಾಯುವವರೆಗೂ ಹೇಳುವುದಿಲ್ಲ. ನಾನು ಯಾರಿಗೂ ಮಾತು ಕೊಟ್ಟಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ: ಹಾರೆಕೊಪ್ಪ ಪಂಚಾಯಿತಿಯ ಅಧ್ಯಕ್ಷೆ ರಂಗಮ್ಮ ಓದು ಬರಹ ಕಲಿತದ್ದು ವಿಶಾಲಮ್ಮನಿಂದ.